ತೆರಿಗೆ ಕಟ್ಟಿದ ಮೇಲೂ ದಂಡವೇಕೆ? ವಿದೇಶಿ ಖಾತೆ ಮತ್ತು ಕಪ್ಪು ಹಣ ಕಾಯ್ದೆ

2015ರ ಜುಲೈ 1ರಿಂದ ಜಾರಿಯಲ್ಲಿರುವ ಕಪ್ಪು ಹಣ ಕಾಯ್ದೆಯನ್ನು (ವಿದೇಶದಲ್ಲಿರುವ ಬಹಿರಂಗಪಡಿಸದ ಆದಾಯ ಮತ್ತು ಆಸ್ತಿಗೆ ತೆರಿಗೆ ಹಾಕುವ ಕಾನೂನು) ಓದುವಾಗ ಎರಡು ತಪ್ಪುಗಳನ್ನು ಬೇರೆಬೇರೆಯಾಗಿ ನೋಡಬೇಕು. ಹಣವನ್ನು ಮುಚ್ಚಿಡುವುದು ಒಂದು, ಇರುವುದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೇಳದಿರುವುದು ಇನ್ನೊಂದು. ಮೊದಲನೆಯದನ್ನು ಮಾಡದವರೂ ಎರಡನೆಯದರಲ್ಲಿ ಸಿಕ್ಕಿಬೀಳುತ್ತಾರೆ.

ಮೊದಲನೆಯದರ ಲೆಕ್ಕ ಹೀಗಿದೆ. ವಿದೇಶದ ಖಾತೆಯಲ್ಲಿ 50 ಲಕ್ಷ ರೂಪಾಯಿ ಇದೆ, ಅದರ ಮೂಲಕ್ಕೆ ಒಪ್ಪುವಂಥ ವಿವರಣೆ ಇಲ್ಲ ಎನ್ನೋಣ. ಶೇ 30ರಂತೆ ತೆರಿಗೆ 15 ಲಕ್ಷ. ಕಲಂ 41ರಡಿ ಅದರ ಮೂರು ಪಟ್ಟು ದಂಡ, 45 ಲಕ್ಷ. ಒಟ್ಟು 60 ಲಕ್ಷ: ಖಾತೆ ಪೂರ್ತಿ ಬರಿದಾದ ಮೇಲೂ ಕೈಯಿಂದ 10 ಲಕ್ಷ ಹಾಕಬೇಕು. ಯಾವ ಕಡಿತಕ್ಕೂ ಅವಕಾಶವಿಲ್ಲ. ಆಸ್ತಿ ಎಷ್ಟೇ ಹಳೆಯದಾಗಿರಲಿ, ಅಧಿಕಾರಿಯ ಗಮನಕ್ಕೆ ಬಂದ ವರ್ಷದಲ್ಲೇ ಅದಕ್ಕೆ ತೆರಿಗೆ ಬೀಳುತ್ತದೆ. ಉದ್ದೇಶಪೂರ್ವಕ ವಂಚನೆ ಸಾಬೀತಾದರೆ ಕಲಂ 51ರಡಿ 3ರಿಂದ 10 ವರ್ಷ ಕಠಿಣ ಸಜೆ.

ಎರಡನೆಯದು ಕಲಂ 43. ಬೆಂಗಳೂರಿನ ಐಟಿ ಉದ್ಯೋಗಿಗಳಿಗೆ ಇದು ನೇರವಾಗಿ ತಟ್ಟುತ್ತದೆ. ಅಮೆರಿಕದ ಮಾತೃ ಕಂಪನಿಯ ಷೇರುಗಳು ಸಂಬಳದ ಭಾಗವಾಗಿ ಬಂದಿವೆ, ಕಂಪನಿ ಕೊಡುವ ಸಂಬಳ–ತೆರಿಗೆ ಪ್ರಮಾಣಪತ್ರವಾದ ಫಾರ್ಮ್ 16ರಲ್ಲಿ ಸೇರಿವೆ, ತೆರಿಗೆಯೂ ಕಡಿತವಾಗಿದೆ. ಮೂಲ ಸ್ಪಷ್ಟವಾಗಿರುವುದರಿಂದ ಶೇ 30ರ ಪ್ರಶ್ನೆ ಇಲ್ಲ. ಆದರೆ ಆ ಷೇರುಗಳನ್ನು ರಿಟರ್ನ್‌ನ ‘ಷೆಡ್ಯೂಲ್ ಎಫ್‌ಎ’ಯಲ್ಲಿ (ವಿದೇಶಿ ಆಸ್ತಿಗಳ ವಿವರ ಕೊಡುವ ಭಾಗ) ತೋರಿಸದಿದ್ದರೆ 10 ಲಕ್ಷ ರೂಪಾಯಿ ದಂಡ ಹಾಕಬಹುದು. ‘ತೆರಿಗೆ ಕಟ್ಟಿದ್ದೇನೆ’ ಎನ್ನುವುದು ಇಲ್ಲಿ ಪೂರ್ಣ ಉತ್ತರವಲ್ಲ. 2024ರ ಅಕ್ಟೋಬರ್ 1ರಿಂದ ಒಂದು ವಿನಾಯಿತಿ ಬಂದಿದೆ: ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿಗಳ ಒಟ್ಟು ಮೌಲ್ಯ 20 ಲಕ್ಷ ಮೀರದಿದ್ದರೆ ಈ ದಂಡವಿಲ್ಲ. ದಂಡಕ್ಕಷ್ಟೇ ವಿನಾಯಿತಿ, ತೋರಿಸುವ ಹೊಣೆ ಹಾಗೆಯೇ ಉಳಿದಿದೆ. ಹೆಚ್ಚಿನವರು ಇದನ್ನು ತಪ್ಪಾಗಿ ಓದುತ್ತಾರೆ.

ಷೆಡ್ಯೂಲ್ ತುಂಬುವಾಗ ತಲೆ ಕೆಡಿಸುವುದು ದಿನಾಂಕ. ಆದಾಯ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಆಸ್ತಿಯ ವಿವರ ಮಾತ್ರ ಜನವರಿಯಿಂದ ಡಿಸೆಂಬರ್‌ವರೆಗಿನದು. 2025ರ ಫೆಬ್ರುವರಿಯಲ್ಲಿ ಕೈಸೇರಿದ ಷೇರಿನ ಮೌಲ್ಯ 2024–25ರ ಸಂಬಳದಲ್ಲಿ ಬರುತ್ತದೆ. ಅದೇ ರಿಟರ್ನ್‌ನ ಷೆಡ್ಯೂಲ್ 2024ರ ಡಿಸೆಂಬರ್ 31ಕ್ಕೆ ಮುಗಿಯುವುದರಿಂದ ಅದರಲ್ಲಿ ಬರುವುದಿಲ್ಲ, ಮುಂದಿನ ವರ್ಷದ್ದರಲ್ಲಿ ಬರುತ್ತದೆ. ವರ್ಷದ ನಡುವೆ ಮಾರಿದ ಷೇರನ್ನೂ ಮುಚ್ಚಿದ ಖಾತೆಯನ್ನೂ ಬಿಡುವಂತಿಲ್ಲ. ಐಟಿಆರ್‌–1ರಲ್ಲಿ (ಸರಳ ರಿಟರ್ನ್ ನಮೂನೆ) ಈ ಷೆಡ್ಯೂಲೇ ಇಲ್ಲ. ಐಟಿಆರ್‌–2 ಅಥವಾ 3 ಬೇಕು.

ಇಲಾಖೆಗೆ ತಿಳಿಯುವುದು ಹೇಗೆ ಎಂದು ಕೇಳುವ ಕಾಲ ಮುಗಿದಿದೆ. ಖಾತೆಗಳ ಮಾಹಿತಿ ಹಂಚಿಕೊಳ್ಳುವ ಅಮೆರಿಕದೊಂದಿಗಿನ ಒಪ್ಪಂದಕ್ಕೆ 2015ರಲ್ಲೇ ಸಹಿ ಬಿದ್ದಿದೆ, ಸ್ವಿಟ್ಜರ್ಲೆಂಡ್‌ನಿಂದ ಸ್ವಯಂಚಾಲಿತ ಮಾಹಿತಿ 2019ರಿಂದ ಬರುತ್ತಿದೆ. 2024ರ ನವೆಂಬರ್‌ನಲ್ಲಿ ಇಲಾಖೆ ಸಂದೇಶ ಕಳುಹಿಸಿ ಎಚ್ಚರಿಸಿದಾಗ 24,678 ಮಂದಿ ತಮ್ಮ ರಿಟರ್ನ್ ಮರುಪರಿಶೀಲಿಸಿ 29,208 ಕೋಟಿ ರೂಪಾಯಿಯ ವಿದೇಶಿ ಆಸ್ತಿ ತೋರಿಸಿದರು. ಅಂಥ ಸಂದೇಶ ಬಂದರೆ ಪರಿಷ್ಕೃತ ರಿಟರ್ನ್‌ನ ಗಡುವು ಮುಗಿಯುವ ಮೊದಲೇ ಸರಿಪಡಿಸಿಕೊಳ್ಳುವುದು ಜಾಣತನ.

ಯಾರಿಗೆ ಈ ಹೊಣೆ? ನಿವಾಸಿ ಹಾಗೂ ಸಾಮಾನ್ಯ ನಿವಾಸಿ ಆಗಿರುವವರಿಗೆ ಮಾತ್ರ. ವಿದೇಶದಿಂದ ಮರಳಿದವರು ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಗಳಾಗಿದ್ದರೆ, ಅಥವಾ ಹಿಂದಿನ 7 ವರ್ಷಗಳಲ್ಲಿ ಇಲ್ಲಿದ್ದದ್ದು 729 ದಿನ ಮೀರದಿದ್ದರೆ, ಸದ್ಯಕ್ಕೆ ಷೆಡ್ಯೂಲ್ ಎಫ್‌ಎ ತುಂಬಬೇಕಿಲ್ಲ. ಆದರೆ ಮಗಳ ಅಮೆರಿಕದ ಖಾತೆಯಲ್ಲಿ ಜಂಟಿ ಹೆಸರಿರುವ, ಮೈಸೂರಿನಲ್ಲಿ ನೆಲೆಸಿ ಪಿಂಚಣಿಯಷ್ಟೇ ಪಡೆಯುವ ತಂದೆ ತುಂಬಲೇಬೇಕು. ಅವರ ಆದಾಯ ತೆರಿಗೆ ಮಿತಿಗಿಂತ ಕಡಿಮೆ ಇದ್ದರೂ ರಿಟರ್ನ್ ಕಡ್ಡಾಯ.