ಡಬ್ಬಿ ತುಂಬ ತಾಮ್ರದ ಕಾಸಿದೆ, ಕೂಡಿಟ್ಟರೆ ಲಾಭವಾ?

ಪ್ರಶ್ನೆ: ನಮ್ಮಜ್ಜಿಯ ಪೆಟ್ಟಿಗೆಯಲ್ಲಿ ಹಳೇ ತಾಮ್ರದ ಕಾಸು ಒಂದು ಡಬ್ಬಿ ಸಿಕ್ಕಿದೆ. ತಾಮ್ರದ ರೇಟು ಏರುತ್ತಲೇ ಇದೆ. ಇನ್ನೊಂದಷ್ಟು ಕೊಂಡು ಇಟ್ಟುಕೊಂಡರೆ ಮುಂದೆ ಒಳ್ಳೇ ದುಡ್ಡಾಗುತ್ತದಾ?

ಉತ್ತರ: ಆಗಲ್ಲ.

ಇಲ್ಲಿಗೇ ಮುಗಿಸುತ್ತಿದ್ದೆ. ಆದರೆ ಆಗಲ್ಲ ಅಂದರೆ ಯಾರೂ ಎದ್ದು ಹೋಗುವುದಿಲ್ಲ. "ಯಾಕಾಗಲ್ಲ?" ಅಂತ ಸ್ಟೂಲ್ ಎಳೆದುಕೊಂಡು ಕೂರುತ್ತಾರೆ. ಹಾಸನದ ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ನಮ್ಮದು ಪಾತ್ರೆ ಅಂಗಡಿ. ಹಂಡೆ, ಕೊಡ, ಚೊಂಬು ತೂಗುತ್ತಾ ಮೂವತ್ತು ವರ್ಷ ಆಯಿತು. ನಾಣ್ಯದ ಹುಚ್ಚು ಅದಕ್ಕೂ ಹಿಂದಿನದು. ತಾಮ್ರವೂ ಗೊತ್ತು, ಕಾಸೂ ಗೊತ್ತು ಅಂತ ಜನ ನನ್ನ ಹತ್ತಿರ ಬರುತ್ತಾರೆ. ಮಾಮೂಲಿ ದಿನಗಳಲ್ಲಿ ವಾರಕ್ಕೊಬ್ಬರು. ಹಾಸನಾಂಬೆ ಬಾಗಿಲು ತೆಗೆದಾಗಂತೂ ಕೇಳಲೇಬೇಡಿ. ಒಂದು ಸಲ ಬರೆದಿಟ್ಟುಬಿಡುತ್ತೇನೆ. ಇನ್ನು ಮೇಲೆ ಬಂದವರ ಕೈಗೆ ಇದನ್ನೇ ಕೊಟ್ಟರಾಯಿತು.

ಮೊದಲು ತೂಕ ನೋಡೋಣ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಹೊಡೆಸಿದ ಕಾಲಾಣೆ 6.48 ಗ್ರಾಂ. ಆಮೇಲೆ ಬಂದ ವಿಕ್ಟೋರಿಯಾ ರಾಣಿ ಕಾಲಾಣೆಯೂ ಅಷ್ಟೇ. ಇವು ತಾಮ್ರದವು. 1906ರಲ್ಲಿ ಸರ್ಕಾರ ತಾಮ್ರ ಬಿಟ್ಟು ಕಂಚು ಹಿಡಿಯಿತು. ಅಂದರೆ ತಾಮ್ರಕ್ಕೆ ಒಂದಿಷ್ಟು ತವರ, ಒಂದಿಷ್ಟು ಸತು ಸೇರಿತು. ತೂಕವೂ 4.86 ಗ್ರಾಂಗೆ ಇಳಿಯಿತು. ನಿಮ್ಮ ಡಬ್ಬಿಯಲ್ಲಿ ಜಾಸ್ತಿ ಇರುವುದು ಜಾರ್ಜ್ ದೊರೆಗಳ ತಲೆ ಇರುವ ಕಾಸೇ ಇರಬೇಕು. ಅವೆಲ್ಲ ಕಂಚು. ಯುದ್ಧದ ಕಾಲಕ್ಕೆ ಲೋಹ ಸಾಲದೆ 1943ರಲ್ಲಿ ತೂತು ಕಾಸು ಬಂತು. ಅದು ಸುಮಾರು 2 ಗ್ರಾಂ. 1957ರ ನಯಾ ಪೈಸೆ ಒಂದೂವರೆ ಗ್ರಾಂ. 1965ರಲ್ಲಿ ಪೈಸೆ ಅಲ್ಯೂಮಿನಿಯಂ ಆಗಿ ಹೋಯಿತು. ತಾಮ್ರ ಉಳಿಸುವ ಜಾಣತನವನ್ನು ಸರ್ಕಾರ ನಮಗಿಂತ ಮೊದಲೇ ಮಾಡಿ ಮುಗಿಸಿದೆ.

ಈಗ ದುಡ್ಡಿನ ಲೆಕ್ಕ. ರೇಟು ದಿನಾ ಬದಲಾಗುತ್ತದೆ, ಲೆಕ್ಕಕ್ಕೆ ಸುಲಭ ಅಂತ ಕಿಲೋ ತಾಮ್ರಕ್ಕೆ 900 ರೂಪಾಯಿ ಹಿಡಿಯೋಣ. ಹಳೇ ತಾಮ್ರದ ಕಾಲಾಣೆಯಲ್ಲಿ 5 ರೂಪಾಯಿ 80 ಪೈಸೆಯ ಲೋಹ ಇದೆ. ಕಂಚಿನದನ್ನು ಪೂರ್ತಿ ತಾಮ್ರ ಅಂತಲೇ ಲೆಕ್ಕ ಹಾಕಿದರೂ 4 ರೂಪಾಯಿ 40 ಪೈಸೆ ದಾಟಲ್ಲ. ತೂತು ಕಾಸಿಗೆ 1 ರೂಪಾಯಿ 80 ಪೈಸೆ. ಗುಜರಿಯವನು ಈ ರೇಟು ಕೊಡುವುದೂ ಇಲ್ಲ. "ಬೆರಕೆ ಮಾಲು ಸಾ" ಅಂತ ಮೊದಲು ಮೂಗು ಮುರಿದು, ಆಮೇಲೆ ತಕ್ಕಡಿ ತೆಗೆಯುತ್ತಾನೆ. ಮೂರು ಕಾಸಿನ ಬೆಲೆ ಇಲ್ಲ ಅಂತ ಬೈಯುತ್ತೇವಲ್ಲ, ಆ ಮೂರು ಕಾಸು ಅಂದರೆ ಇದೇ ಕಾಲಾಣೆ. ಆಗಿನ ಲೆಕ್ಕದಲ್ಲಿ ಆಣೆಗೆ ಹನ್ನೆರಡು ಕಾಸು, ಕಾಲಾಣೆಗೆ ಮೂರು.

ಇನ್ನು ಕೊಂಡು ಕೂಡಿಡುವ ಮಾತು. ಸವೆದ ಮಾಮೂಲಿ ಕಾಲಾಣೆಯನ್ನೂ ನಾಣ್ಯ ಮಾರುವವರು ಲೋಹದ ರೇಟಿಗೆ ಕೊಡುವುದಿಲ್ಲ. ಇಪ್ಪತ್ತು ರೂಪಾಯಿ ಕೊಟ್ಟು ತಂದಿರಿ ಅನ್ನಿ. ಒಳಗಿರುವ ಲೋಹ ನಾಲ್ಕು ರೂಪಾಯಿದು. ಚಿಪ್ಪಿನ ಆಸೆಗೆ ತೆಂಗಿನಕಾಯಿ ಕೊಂಡ ಹಾಗಾಯಿತು. ತಾಮ್ರ ಐದು ಪಟ್ಟು ಏರಿದ ಮೇಲೆ ನಿಮ್ಮ ಅಸಲು ಬರುತ್ತದೆ. ಅಲ್ಲಿಯವರೆಗೆ ಡಬ್ಬಿ ಅಟ್ಟದಲ್ಲಿ ಭಾರ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಹೊಟ್ಟೆ ಉರಿದುಕೊಳ್ಳಬೇಡಿ. ಆಗ ಒಂದು ರೂಪಾಯಿಗೆ 64 ಕಾಲಾಣೆ. ನಿಮ್ಮಜ್ಜಿ ಕಂಚಿನ 64 ಕಾಲಾಣೆ ಕೂಡಿಟ್ಟಿದ್ದರೆ ಅದು 311 ಗ್ರಾಂ, ಇವತ್ತಿಗೆ 280 ರೂಪಾಯಿ. ಅದೇ ಒಂದು ರೂಪಾಯಿಯನ್ನು ಐದನೇ ಜಾರ್ಜನ ಬೆಳ್ಳಿ ರೂಪಾಯಿಯಾಗಿ ಇಟ್ಟಿದ್ದರೆ? ತೂಕ 11.66 ಗ್ರಾಂ, ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ. ಗ್ರಾಂಗೆ ನೂರು ಅಂತ ಕಮ್ಮಿ ಹಿಡಿದರೂ ಸಾವಿರ ದಾಟುತ್ತದೆ. ಅಜ್ಜಿಯ ತಪ್ಪೇನೂ ಇಲ್ಲ ಬಿಡಿ. ಬೆಳ್ಳಿ ರೂಪಾಯಿ ಕಷ್ಟಕ್ಕೆ ಖರ್ಚಾಗಿರುತ್ತದೆ, ಉಳಿದದ್ದು ಚಿಲ್ಲರೆ.

ಇಷ್ಟು ಹೇಳಿದ ಮೇಲೆ ಬಂದವರು ಅತ್ತಿತ್ತ ನೋಡಿ, ಸ್ಟೂಲ್ ಹತ್ತಿರ ಎಳೆದುಕೊಂಡು, ದನಿ ತಗ್ಗಿಸುತ್ತಾರೆ. ಏನು ಬರುತ್ತದೆ ಅಂತ ನನಗೆ ಗೊತ್ತು.

"ಅಣ್ಣಾ, ಇದು ಅಕ್ಕಿ ಎಳೀತದಂತೆ."

ರೈಸ್ ಪುಲ್ಲಿಂಗ್! ಇದೊಂದು ಸುಳ್ಳು ಸಕಲೇಶಪುರದ ಎಸ್ಟೇಟಿನಿಂದ ಅರಕಲಗೂಡಿನ ಹೊಲದವರೆಗೆ ಹಬ್ಬಿಕೊಂಡಿದೆ. ಹಳೇ ತಾಮ್ರದ ಕಾಸಿಗೋ ಚೊಂಬಿಗೋ ಸಿಡಿಲು ಬಡಿದರೆ ಅದು ಇರಿಡಿಯಂ ಆಗುತ್ತದಂತೆ. ಆಗ ಅಕ್ಕಿ ಕಾಳು ತಾನಾಗೇ ಬಂದು ಅಂಟುತ್ತದಂತೆ. ಅದನ್ನು ಅಮೆರಿಕದ ನಾಸಾದವರು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತಾರಂತೆ. ಎಲ್ಲಾ "ಅಂತೆ". ದುಡ್ಡು ಎಣಿಸಿಕೊಂಡವರನ್ನು ಕಣ್ಣಾರೆ ಕಂಡೆ ಅಂದವರು ಮೂವತ್ತು ವರ್ಷದಲ್ಲಿ ಒಬ್ಬರೂ ಇಲ್ಲ.

ಹೋದ ವರ್ಷ ಸಕಲೇಶಪುರ ಕಡೆಯ ಹುಡುಗ ಒಬ್ಬ ಮೂರು ಸುತ್ತು ಬಟ್ಟೆಯಲ್ಲಿ ಕಾಸು ಕಟ್ಟಿಕೊಂಡು ಬಂದ. ಬಿಚ್ಚಿದರೆ ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, ಒಂದಾಣೆ, 1818. ನಾನು ಕಾಸು ಕೈಗೂ ತೆಗೆದುಕೊಳ್ಳಲಿಲ್ಲ. ಒಳಗಿಂದ ಒಂದು ಹಿಡಿ ಅಕ್ಕಿ ತರಿಸಿ ತಟ್ಟೆಗೆ ಸುರಿದೆ. "ಎಳೆಸಪ್ಪಾ" ಅಂದೆ. ಕಾಸು ಇಟ್ಟ, ತಿರುಗಿಸಿ ಇಟ್ಟ, ಬಾಯಲ್ಲಿ ಏನೋ ಮಣಮಣ ಅಂದ. ಅಕ್ಕಿ ಅಲ್ಲಾಡಲಿಲ್ಲ. "ಇವತ್ತು ಅಮಾವಾಸ್ಯೆ ಅಲ್ವಲ್ಲಣ್ಣ" ಅಂದ. ಪರೀಕ್ಷೆಯ ಖರ್ಚು ಅಂತ ಅಷ್ಟೊತ್ತಿಗಾಗಲೇ ಯಾರಿಗೋ ನಲವತ್ತು ಸಾವಿರ ಕೊಟ್ಟಿದ್ದ.

ಮೊದಲು ಆ ಕಾಸಿನ ಕಥೆ ಕೇಳಿ. ಬ್ರಿಟಿಷ್ ಸರ್ಕಾರ ಒಂದಾಣೆ ನಾಣ್ಯ ಹೊರತಂದದ್ದೇ 1907ರಲ್ಲಿ, ಅದೂ ತಾಮ್ರ ನಿಕ್ಕಲ್ ಬೆರಕೆಯಲ್ಲಿ. 1818ರಲ್ಲಿ ಕಂಪನಿಯ ಒಂದಾಣೆ ಎಲ್ಲಿಂದ ಬಂತು? ಕಂಪನಿ ಹೊಡೆಸಿದ ತಾಮ್ರದ ಕಾಲಾಣೆ, ಅರ್ಧಾಣೆಗಳಲ್ಲಿ ದೇವರ ಚಿತ್ರವೂ ಇಲ್ಲ. ಮದ್ರಾಸಿನಲ್ಲಿ ಹೊಡೆಸಿದ ಚಿನ್ನದ ವರಹದಲ್ಲಿ ದೇವರಿದ್ದದ್ದು ನಿಜ, ಆದರೆ ಅದು ಚಿನ್ನ, ಬೇರೆಯೇ ಕಥೆ. ಈ ರಾಮದರ್ಬಾರಿನ ಬಿಲ್ಲೆಗಳು ಪೂಜೆಗೆ ಅಂತ ಮಾರುವ ಟೋಕನ್‌ಗಳು. ಅವುಗಳ ಇಸವಿ ಗಮನಿಸಿದ್ದೀರಾ? 1616, 1717, 1818. ಅಚ್ಚು ಮಾಡಿದವನಿಗೆ ಜೋಡಿ ನಂಬರಿನ ಮೇಲೆ ಭಾರೀ ಪ್ರೀತಿ. 1616ರಲ್ಲಿ ಕಂಪನಿಯವರು ಸೂರತ್‌ನಲ್ಲಿ ಒಂದು ಮಳಿಗೆ ಇಟ್ಟುಕೊಂಡು, ವ್ಯಾಪಾರದ ಸವಲತ್ತು ಕೊಡಿ ಅಂತ ಮೊಗಲರ ಆಸ್ಥಾನದಲ್ಲಿ ಕೇಳಿಕೊಳ್ಳುತ್ತಿದ್ದರು. ಅವರಿಗೆಲ್ಲಿಯ ಟಂಕಸಾಲೆ?

ಇನ್ನು ಸಿಡಿಲು. ನನ್ನ ಎಸ್ಸೆಸ್ಸೆಲ್ಸಿ ವಿಜ್ಞಾನ ಇಷ್ಟಕ್ಕೆ ಸಾಕು. ತಾಮ್ರದ ಪರಮಾಣು ಸಂಖ್ಯೆ 29, ಇರಿಡಿಯಂದು 77. ಸಿಡಿಲು ತಾಮ್ರವನ್ನು ಕರಗಿಸಬಹುದು, ಕಪ್ಪು ಮಾಡಬಹುದು. ಒಂದು ಲೋಹವನ್ನು ಇನ್ನೊಂದು ಲೋಹ ಮಾಡುವ ಶಕ್ತಿ ಅದಕ್ಕಿಲ್ಲ. ಹಾಗೆ ಆಗುವಂತಿದ್ದರೆ ಮಲೆನಾಡಿನ ಪ್ರತಿ ದೇವಸ್ಥಾನದ ಕಳಶವೂ ಇಷ್ಟೊತ್ತಿಗೆ ಇರಿಡಿಯಂ ಆಗಿರಬೇಕಿತ್ತು.

ಸರಿ, ಆಯಿತು ಅಂತಲೇ ಇಟ್ಟುಕೊಳ್ಳಿ. ಇರಿಡಿಯಂ ತಾಮ್ರಕ್ಕಿಂತ ಎರಡೂವರೆ ಪಟ್ಟು ಭಾರ. ಕಾಲಾಣೆಯ ಅದೇ ಗಾತ್ರದ ಬಿಲ್ಲೆ ಇರಿಡಿಯಂ ಆಗಿದ್ದರೆ 6.48 ಅಲ್ಲ, 16 ಗ್ರಾಂ ತೂಗಬೇಕು. ನಿಮ್ಮೂರಿನ ಅಕ್ಕಸಾಲಿಗರ ತಕ್ಕಡಿಯಲ್ಲಿ ಎರಡು ನಿಮಿಷದ ಕೆಲಸ. ಯಾಕೆ ಯಾರೂ ತೂಗಿಸುವುದಿಲ್ಲ?

ಸೊಗಸಾದ ಲೆಕ್ಕ ಇನ್ನೊಂದಿದೆ. ಇರಿಡಿಯಂ ನಿಜವಾಗಿಯೂ ದುಬಾರಿ ಲೋಹ. ಈಚಿನ ವರ್ಷಗಳ ರೇಟಿನಲ್ಲಿ ಗ್ರಾಂಗೆ ಸುಮಾರು 13 ಸಾವಿರ. ಹದಿನಾರು ಗ್ರಾಂಗೆ ಎಷ್ಟಾಯಿತು? ಎರಡು ಲಕ್ಷದ ಹತ್ತಿರ. ಈ ಮೋಸಗಾರರ ಸುಳ್ಳನ್ನೆಲ್ಲ ತಲೆಬಾಗಿ ಒಪ್ಪಿಕೊಂಡರೂ ಎರಡು ಲಕ್ಷ! ಕೋಟಿ ಎಲ್ಲಿಂದ ಬಂತು?

ಇರಿಡಿಯಂ ಅಕ್ಕಿಯನ್ನೂ ಎಳೆಯಲ್ಲ, ಕಬ್ಬಿಣವನ್ನೂ ಎಳೆಯಲ್ಲ. ಹಾಗಾದರೆ ಅವರು ತೋರಿಸುವಾಗ ಅಕ್ಕಿ ಹೇಗೆ ಹಾರುತ್ತದೆ? ಕಾಳಿಗೆ ಕಬ್ಬಿಣದ ಪುಡಿ ಮೆತ್ತಿರುತ್ತಾರೆ. ಚೊಂಬಿನ ತಳದಲ್ಲಿ, ಬೆರಳ ಸಂದಿಯಲ್ಲಿ ಅಯಸ್ಕಾಂತ ಇರುತ್ತದೆ. ತಾಮ್ರ ಅಯಸ್ಕಾಂತಕ್ಕೆ ಅಡ್ಡ ಬರುವುದಿಲ್ಲ, ಅಷ್ಟೇ ಗುಟ್ಟು. ಅಕ್ಕಿ ಯಾವಾಗಲೂ ಅವರದ್ದೇ ಆಗಿರಬೇಕು ಅನ್ನುವುದನ್ನು ಗಮನಿಸಿ. ನಿಮ್ಮ ಮನೆ ಅಕ್ಕಿ ತೆಗೆದುಕೊಂಡು ಹೋಗಿ. ಸೋನಾ ಮಸೂರಿಯಾದರೂ ಸರಿ, ರೇಷನ್ ಅಕ್ಕಿಯಾದರೂ ಸರಿ. ಅವತ್ತು ಮುಹೂರ್ತ ಸರಿ ಇರುವುದಿಲ್ಲ.

ಇದು ಓದು ಬರಹ ಇಲ್ಲದವರಿಗೆ ಮಾಡುವ ಮೋಸ ಅಂದುಕೊಳ್ಳಬೇಡಿ. 2018ರಲ್ಲಿ ದೆಹಲಿ ಪೊಲೀಸರು ಒಬ್ಬ ತಂದೆ ಮತ್ತು ಮಗನನ್ನು ಹಿಡಿದರು. ರೈಸ್ ಪುಲ್ಲರ್ ಕೊಡಿಸುತ್ತೇವೆ, ನಾಸಾಗೆ ಮಾರೋಣ ಅಂತ ಒಬ್ಬ ಉದ್ಯಮಿಯಿಂದ ಕೋಟಿ ರೂಪಾಯಿಗೂ ಜಾಸ್ತಿ ಎಳೆದಿದ್ದರು. ಪರೀಕ್ಷೆ ಮಾಡುವವರು ಹಾಕಿಕೊಳ್ಳಬೇಕು ಅಂತ ವಿಕಿರಣ ತಡೆಯುವ ಬಟ್ಟೆಗೂ ಕಾಸು ಕಿತ್ತಿದ್ದರು. ಎಳೆದದ್ದು ಅಕ್ಕಿಯನ್ನಲ್ಲ ಅಂತ ಆ ಉದ್ಯಮಿಗೆ ತಡವಾಗಿ ಗೊತ್ತಾಯಿತು.

ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಅಂತ ಫೋನ್ ಬಂದರೂ ಇದೇ ಜಾತಿ. ರಿಸರ್ವ್ ಬ್ಯಾಂಕ್ ಹೆಸರು ಹೇಳುತ್ತಾರೆ. ನಾವು ಈ ವ್ಯವಹಾರ ಮಾಡುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಹೇಳಿದೆ. ಕಮಲದ ಚಿತ್ರದ ಹಳೇ 20 ಪೈಸೆಯಲ್ಲಿ ಚಿನ್ನ ಇದೆ ಅನ್ನುವುದೂ ಸುಳ್ಳು. ಹಳದಿಯಾಗಿದೆ, ಅಷ್ಟೇ.

ಕರಗಿಸಬಹುದಾ ಅಂತ ಕೆಲವರು ಕೇಳುತ್ತಾರೆ. ಚಲಾವಣೆಯಲ್ಲಿರುವ ನಾಣ್ಯ ಕರಗಿಸಿದರೆ 2011ರ ನಾಣ್ಯ ಕಾಯಿದೆಯಲ್ಲಿ ಏಳು ವರ್ಷದವರೆಗೆ ಜೈಲಿದೆ. ಕಾಲಾಣೆಯ ಚಲಾವಣೆ ಯಾವತ್ತೋ ಮುಗಿದಿದೆ, ಅದರ ಮಾತು ಬೇರೆ. ಆದರೂ ನಾಲ್ಕು ರೂಪಾಯಿಗೆ ಯಾಕೆ ಕರಗಿಸುತ್ತೀರಿ? ನೂರು ವರ್ಷ ದಾಟಿದ ಕಾಸು ಕಾನೂನಿನ ಪ್ರಕಾರ ಪುರಾತನ ವಸ್ತು. ವಿದೇಶಕ್ಕೆ ಕಳಿಸಲು ಹೋಗಬೇಡಿ. ಹೊಲ ಉಳುವಾಗ ಗಡಿಗೆಗಟ್ಟಲೆ ಸಿಕ್ಕಿದರೆ ಅದು ನಿಧಿ, ಸರ್ಕಾರಕ್ಕೆ ತಿಳಿಸಬೇಕು.

ಯಾರೂ ಕೇಳದ ಒಂದು ಪ್ರಶ್ನೆ ಇದೆ. ಕೇಳಬೇಕಾದದ್ದು ಅದನ್ನೇ. ಹಳೇ ಕಾಸನ್ನು ತೊಳೆಯಬಹುದಾ?

ತೊಳೆಯಬೇಡಿ. ಹುಣಸೆಹಣ್ಣು, ನಿಂಬೆಹಣ್ಣು, ಬೂದಿ, ಪಾತ್ರೆ ಪುಡಿ ಯಾವುದೂ ಬೇಡ. ದಿನಾ ಹುಣಸೆಹಣ್ಣು ಹಾಕಿ ಚೊಂಬು ಉಜ್ಜಿ ಅಂತ ಗಿರಾಕಿಗಳಿಗೆ ಹೇಳುವ ಬಾಯಿಂದಲೇ ಇದನ್ನೂ ಹೇಳುತ್ತಿದ್ದೇನೆ. ಚೊಂಬಿನ ಮೇಲೆ ಬರಹ ಇಲ್ಲ, ಕಾಸಿನ ಮೇಲಿದೆ. ಹುಳಿ ಬಿದ್ದರೆ ತಾಮ್ರದ ಮೇಲ್ಪದರ ಹೋಗುತ್ತದೆ, ಉಜ್ಜಿದರೆ ಅಕ್ಷರ ಸವೆಯುತ್ತದೆ. ನಾಣ್ಯ ಕೂಡಿಡುವವರು ಆ ಕಂದು ಬಣ್ಣಕ್ಕೇ ಬೆಲೆ ಕೊಡುವುದು. ಹೊಳೆಯುವ ಕಾಲಾಣೆ ಕಂಡರೆ ಪಕ್ಕಕ್ಕೆ ಸರಿಸುತ್ತಾರೆ. ಹಸಿರು ಕಿಲುಬು ಹಿಡಿದಿದ್ದರೂ ಮನೆಯಲ್ಲಿ ಕೈ ಹಾಕಬೇಡಿ. ಒಣಗಿದ ಜಾಗದಲ್ಲಿ, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿಡಿ. ಮುಟ್ಟುವಾಗ ಅಂಚು ಹಿಡಿದುಕೊಳ್ಳಿ.

ಅರಕಲಗೂಡಿನಿಂದ ಒಬ್ಬರು ಅಜ್ಜಿ ಬಂದಿದ್ದರು. ಸೆರಗಿನ ತುದಿಯಲ್ಲಿ ಐದಾರು ಕಾಸು. ನಾಲ್ಕು ಮಾಮೂಲಿ ಜಾರ್ಜ್. ಒಂದನ್ನು ನೋಡಿ ನಾನು ಕನ್ನಡಕ ಹುಡುಕಿದೆ. ಒಂದು ಕಡೆ ಆನೆ. ಇನ್ನೊಂದು ಕಡೆ ಕನ್ನಡದಲ್ಲಿ "ಮಯಿಲಿ ಕಾಸು" ಅಂತ ಅರ್ಧ ಇತ್ತು, ಉಳಿದರ್ಧ ನುಣ್ಣಗೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, ನಮ್ಮ ಮೈಸೂರಿನದ್ದೇ. ಇಂಥದ್ದು ನನ್ನ ಹತ್ತಿರ ಎರಡೇ ಇವೆ.

"ಇದನ್ನ ತೊಳೆದ್ರಾ ಅಜ್ಜಿ?" ಅಂದೆ.

"ಊಂ ಕಣಪ್ಪ. ನಿಮ್ಮ ಅಂಗಡಿಗೆ ತರೋದಲ್ವಾ ಅಂತ ರಾತ್ರಿಯೆಲ್ಲ ಹುಣಸೆಹಣ್ಣಲ್ಲಿ ನೆನೆಹಾಕಿದ್ದೆ. ಎಷ್ಟು ಹೊಳೀತದೆ ನೋಡು."