ಮೂವತ್ತನೆಯ ದಿನ ಉಳಿದವರು ಯಾರು: ಮೊಬೈಲ್ ಕ್ಯಾಸಿನೊ ಆ್ಯಪ್‌ಗಳ ನಿರ್ಮಾಣ ಕುರಿತು

ಮೊಬೈಲ್ ಕ್ಯಾಸಿನೊ ಆ್ಯಪ್ ರೂಪಿಸುವ ತಂಡಗಳಲ್ಲಿ ಎಲ್ಲರ ಕಣ್ಣೂ ನೆಟ್ಟಿರುವುದು ರಿಟೆನ್ಷನ್ ಎಂಬ ಒಂದು ಅಂಕಿಯ ಮೇಲೆ. ಒಂದು ದಿನ ಆ್ಯಪ್ ಇಳಿಸಿಕೊಂಡವರ ಪೈಕಿ ಮಾರನೆಯ ದಿನ ಎಷ್ಟು ಮಂದಿ ಮರಳಿದರು, ಏಳನೆಯ ದಿನ ಎಷ್ಟು ಮಂದಿ ಇದ್ದರು, ಮೂವತ್ತನೆಯ ದಿನಕ್ಕೆ ಎಷ್ಟು ಮಂದಿ ಉಳಿದರು ಎಂಬುದೇ ಈ ಲೆಕ್ಕ. ಜಾಹೀರಾತಿನ ಮೂಲಕ ಹೊಸ ಆಟಗಾರನೊಬ್ಬನನ್ನು ಕರೆತರುವ ವೆಚ್ಚ ದುಬಾರಿಯಾಗಿರುವುದರಿಂದ, ಬಂದವನು ಮೊದಲ ವಾರದಲ್ಲೇ ಹೊರಟುಹೋದರೆ ಕಂಪನಿಗೆ ನಷ್ಟವೇ ಆಗುತ್ತದೆ. ಹಾಗಾಗಿ ಈ ಅಂಕಿಯನ್ನು ಏರಿಸಬೇಕೆಂಬ ಒತ್ತಡ ಸಹಜ. ಬ್ರಿಟನ್ನಿನ ಪರವಾನಗಿ ಪಡೆದ ಸಂಸ್ಥೆಗಳಿಗಾಗಿ ಸ್ಲಾಟ್ ಆಟಗಳನ್ನೂ (ಪಣವಿಟ್ಟು ಚಿತ್ರಗಳ ಚಕ್ರಗಳನ್ನು ತಿರುಗಿಸುವ ಜೂಜಿನ ಆಟಗಳು) ಅವುಗಳ ಹಿಂದಿನ ಹಣದ ಖಾತೆಯ ವ್ಯವಸ್ಥೆಯನ್ನೂ ಕಟ್ಟುವ ಕೆಲಸದಲ್ಲಿರುವ ನಾನು ಇಲ್ಲಿ ಹೇಳಬೇಕೆಂದಿರುವುದು ಇಷ್ಟೆ: ಉಳಿದವರು ಯಾರು, ಯಾವ ಕಾರಣಕ್ಕೆ ಉಳಿದರು ಎಂದು ಬಿಡಿಸಿ ನೋಡದ ಹೊರತು ಈ ಸರಾಸರಿ ಅಂಕಿಯಿಂದ ಏನೂ ತಿಳಿಯುವುದಿಲ್ಲ, ಮತ್ತು ಅದನ್ನು ಕುರುಡಾಗಿ ಏರಿಸಲು ಹೊರಟ ವಿನ್ಯಾಸ ಮನುಷ್ಯರಿಗೆ ಹಾನಿ ಮಾಡುತ್ತದೆ.

ಮೊದಲು, ಆಟಗಾರರು ಒಳ್ಳೆಯ ಕಾರಣಕ್ಕೆ ಉಳಿಯುವಂತೆ ಮಾಡುವ ಕೆಲಸಗಳನ್ನು ನೋಡೋಣ. ಅವುಗಳಲ್ಲಿ ಹೆಚ್ಚಿನವು ಪರದೆಯ ಮೇಲೆ ಕಾಣುವುದೇ ಇಲ್ಲ. ನಿಜವಾದ ಹಣದ ಸ್ಲಾಟ್ ಆಟದಲ್ಲಿ ಫಲಿತಾಂಶ ನಿರ್ಧಾರವಾಗುವುದು ಫೋನಿನಲ್ಲಲ್ಲ, ಸರ್ವರ್‌ನಲ್ಲಿ. ಆಟಗಾರ ಬಟನ್ ಒತ್ತಿದ ಕೂಡಲೇ ಸರ್ವರ್ ಪಣದ ಹಣವನ್ನು ಖಾತೆಯಿಂದ ಕಳೆಯುತ್ತದೆ, ಸ್ವತಂತ್ರ ಪ್ರಯೋಗಾಲಯ ಪರೀಕ್ಷಿಸಿ ಪ್ರಮಾಣೀಕರಿಸಿದ ಯಾದೃಚ್ಛಿಕ ಸಂಖ್ಯೆಗಳ ವ್ಯವಸ್ಥೆಯಿಂದ ಫಲಿತಾಂಶವನ್ನು ಪಡೆಯುತ್ತದೆ, ಗೆಲುವಿದ್ದರೆ ಅದನ್ನು ಜಮಾ ಮಾಡುತ್ತದೆ. ಫೋನಿನಲ್ಲಿ ಚಕ್ರಗಳು ತಿರುಗುವುದು ಆಗಲೇ ತೀರ್ಮಾನವಾಗಿರುವ ಸಂಗತಿಯ ಚಿತ್ರಣ ಮಾತ್ರ. ರೈಲು ಸುರಂಗದೊಳಗೆ ಹೋದಾಗ ಸಂಪರ್ಕ ಕಡಿದುಹೋದರೆ ಏನಾಗಬೇಕು ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಆಟಗಾರ ಮತ್ತೆ ಆ್ಯಪ್ ತೆರೆದಾಗ ಅದೇ ಸ್ಪಿನ್ನಿನ (ಚಕ್ರಗಳ ಒಂದು ಸುತ್ತಿನ) ಅದೇ ಫಲಿತಾಂಶ ಕಾಣಬೇಕು, ಬೋನಸ್ ಸುತ್ತಿನ ನಡುವೆ ನಿಂತಿದ್ದರೆ ಅಲ್ಲಿಂದಲೇ ಮುಂದುವರಿಯಬೇಕು, ಒಂದೇ ವಿನಂತಿ ಎರಡು ಬಾರಿ ಸರ್ವರ್ ತಲುಪಿದರೂ ಹಣ ಒಮ್ಮೆ ಮಾತ್ರ ಕಡಿತವಾಗಬೇಕು. ಇದಕ್ಕಾಗಿ ಪ್ರತಿ ವಿನಂತಿಗೂ ಪ್ರತ್ಯೇಕ ಗುರುತು ಸಂಖ್ಯೆ ಕೊಟ್ಟು, ಖಾತೆಯ ಪುಸ್ತಕದಲ್ಲಿ ಜಮಾ ಮತ್ತು ಖರ್ಚು ಎರಡನ್ನೂ ಅಳಿಸಲಾಗದಂತೆ ದಾಖಲಿಸುತ್ತೇವೆ. ತನ್ನ ಹಣ ಒಂದು ಪೆನ್ಸ್ ಕೂಡ ತಪ್ಪಿಲ್ಲ ಎಂದು ತಿಳಿದ ಆಟಗಾರ ಯಾವ ಆಮಿಷವೂ ಇಲ್ಲದೆ ಮರಳಿ ಬರುತ್ತಾನೆ.

ಗೆದ್ದ ಹಣವನ್ನು ಹಿಂಪಡೆಯುವ ದಾರಿಯಂತೂ ಇನ್ನೂ ಮುಖ್ಯ. ಹಣ ಹಾಕಲು ಕ್ಷಣಗಳು ಸಾಕು, ತೆಗೆಯಲು ಮಾತ್ರ ದಿನಗಟ್ಟಲೆ ಕಾಯಬೇಕು ಎಂಬ ಆ್ಯಪ್‌ಗಳು ಬಹಳ ಕಾಲ ಇದ್ದವು. ಕಾಯುವ ಆ ಅವಧಿಯಲ್ಲಿ ‘ಹಿಂಪಡೆಯುವಿಕೆ ರದ್ದು ಮಾಡಿ’ ಎಂಬ ಬಟನ್ ಕಣ್ಣೆದುರಿಗೇ ಇರುತ್ತಿತ್ತು. ಗೆದ್ದ ಹಣವನ್ನು ಮನೆಗೆ ಒಯ್ಯಲು ಹೊರಟವನನ್ನು ಬಾಗಿಲಿನಲ್ಲಿ ತಡೆದು ಮತ್ತೆ ಮೇಜಿಗೆ ಕರೆದಂತೆ ಅದು. ರಿಟೆನ್ಷನ್ ಅಂಕಿಯನ್ನು ಅದು ಖಂಡಿತವಾಗಿ ಏರಿಸುತ್ತಿತ್ತು. ಬ್ರಿಟನ್ನಿನ ಜೂಜು ನಿಯಂತ್ರಕ ಸಂಸ್ಥೆಯಾದ ಗ್ಯಾಂಬ್ಲಿಂಗ್ ಕಮಿಷನ್ 2021ರಲ್ಲಿ ಈ ಸೌಲಭ್ಯವನ್ನು ಶಾಶ್ವತವಾಗಿ ನಿಷೇಧಿಸಿತು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಗುರುತಿನ ಮತ್ತು ವಯಸ್ಸಿನ ಪರಿಶೀಲನೆಯನ್ನು ಹಣ ಹಾಕುವ ಮೊದಲೇ ಮುಗಿಸಿಕೊಂಡು, ಹಿಂಪಡೆಯುವ ವಿನಂತಿಯನ್ನು ಆದಷ್ಟು ಬೇಗ ಪೂರೈಸುವುದು ತಾಂತ್ರಿಕವಾಗಿ ಸಾಧ್ಯವಿದ್ದ ಮೇಲೆ ವಿಳಂಬವನ್ನು ಸಮರ್ಥಿಸಲು ಯಾವ ಕಾರಣವೂ ಉಳಿಯುವುದಿಲ್ಲ.

ಇನ್ನು ವೇಗದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊರಗಿನಿಂದ ನೋಡುವವರಿಗೆ ಇದು ಕೇವಲ ಅನುಕೂಲದ ಪ್ರಶ್ನೆಯಾಗಿ ಕಾಣುತ್ತದೆ. ಒಂದು ಸ್ಲಾಟ್ ಆಟ ದೀರ್ಘಾವಧಿಯಲ್ಲಿ ಪಣದ ಹಣದ 96 ಶೇಕಡಾವನ್ನು ಆಟಗಾರರಿಗೆ ಮರಳಿಸುತ್ತದೆ ಎಂದಿಟ್ಟುಕೊಳ್ಳಿ. ಉಳಿದ 4 ಶೇಕಡಾ ಕ್ಯಾಸಿನೊದ ಪಾಲು. ಕೇಳಲು ಇದು ಸಣ್ಣ ಮೊತ್ತ. ಆದರೆ ಈ 4 ಶೇಕಡಾ ಅನ್ವಯವಾಗುವುದು ಆಟಗಾರ ತಂದ ಹಣಕ್ಕಲ್ಲ, ಅವನು ಮತ್ತೆ ಮತ್ತೆ ಪಣಕ್ಕಿಟ್ಟ ಒಟ್ಟು ಮೊತ್ತಕ್ಕೆ. ಸ್ಪಿನ್ನಿಗೆ ಎರಡೂವರೆ ಸೆಕೆಂಡಿನಂತೆ ಗಂಟೆಗೆ 1,440 ಸ್ಪಿನ್‌ಗಳಾಗುತ್ತವೆ. ಒಂದು ಪೌಂಡ್ ಪಣವಾದರೆ ಗಂಟೆಯಲ್ಲಿ 1,440 ಪೌಂಡ್ ಪಣಕ್ಕೆ ಬಿದ್ದು, ಸರಾಸರಿ ನಷ್ಟ 57 ಪೌಂಡ್ 60 ಪೆನ್ಸ್ ಆಗುತ್ತದೆ. ಅದೇ ಆಟವನ್ನು ಐದು ಸೆಕೆಂಡಿಗೆ ಒಂದು ಸ್ಪಿನ್‌ನಂತೆ ನಿಧಾನಗೊಳಿಸಿದರೆ ನಷ್ಟ ಅರ್ಧಕ್ಕೆ ಇಳಿಯುತ್ತದೆ. ಆಟದ ಗಣಿತವನ್ನು ಮುಟ್ಟದೆಯೇ, ಅನಿಮೇಷನ್ ಮಾಡುವವರು ಕೆಲವು ಮಿಲಿಸೆಕೆಂಡುಗಳನ್ನು ಕತ್ತರಿಸಿದರೆ ಸಾಕು, ಆಟಗಾರನ ಗಂಟೆಯ ನಷ್ಟ ಬದಲಾಗುತ್ತದೆ.

ಈ ಕಾರಣಕ್ಕಾಗಿಯೇ ಬ್ರಿಟನ್ 2021ರ ಅಕ್ಟೋಬರ್ ಕೊನೆಯಿಂದ ಆನ್‌ಲೈನ್ ಸ್ಲಾಟ್‌ಗಳಿಗೆ ಕನಿಷ್ಠ 2.5 ಸೆಕೆಂಡಿನ ಮಿತಿ ಹಾಕಿತು, ಆಟ ತಾನಾಗಿಯೇ ಮುಂದುವರಿಯುವ ಆಟೊಪ್ಲೇ ಸೌಲಭ್ಯವನ್ನು ತೆಗೆಸಿತು. 2025ರ ಜನವರಿಯಲ್ಲಿ ಇತರ ಕ್ಯಾಸಿನೊ ಆಟಗಳಿಗೆ 5 ಸೆಕೆಂಡಿನ ಮಿತಿ ಬಂತು. ಅದೇ ವರ್ಷದ ಏಪ್ರಿಲ್‌ನಿಂದ ಸ್ಲಾಟ್‌ಗಳಲ್ಲಿ ಒಂದು ಸ್ಪಿನ್ನಿನ ಗರಿಷ್ಠ ಪಣ 5 ಪೌಂಡ್ ಆಯಿತು. ಮೇ ತಿಂಗಳಿನಿಂದ 18ರಿಂದ 24 ವರ್ಷದವರಿಗೆ 2 ಪೌಂಡ್ ಮಾತ್ರ. ಜರ್ಮನಿ 2021ರ ಜುಲೈನಲ್ಲೇ ಇನ್ನೂ ಕಠಿಣವಾದ ಹಾದಿ ಹಿಡಿದಿತ್ತು: ಸ್ಪಿನ್ನಿಗೆ ಗರಿಷ್ಠ ಒಂದು ಯೂರೊ ಪಣ, ಸರಾಸರಿ ಕನಿಷ್ಠ ಐದು ಸೆಕೆಂಡು, ತಿಂಗಳಿಗೆ ಎಲ್ಲ ಕಂಪನಿಗಳೂ ಸೇರಿ ಸಾಮಾನ್ಯವಾಗಿ ಗರಿಷ್ಠ 1,000 ಯೂರೊ ಠೇವಣಿ, ಅಂದರೆ ಆಟದ ಖಾತೆಗೆ ಹಾಕುವ ಹಣ. ಜೊತೆಗೆ, ಒಮ್ಮೆ ಒತ್ತಿದರೆ 24 ಗಂಟೆ ಆಟವನ್ನೇ ಮುಚ್ಚಿಬಿಡುವ ಬಟನ್ ಪರದೆಯ ಮೇಲೆ ಇರಲೇಬೇಕು.

ವೇಗದ ನಂತರ ಬರುವುದು ಸದ್ದು ಮತ್ತು ಬೆಳಕು. ಒಂದೇ ಸ್ಪಿನ್ನಿನಲ್ಲಿ ಹಲವು ಸಾಲುಗಳ ಮೇಲೆ ಪಣ ಕಟ್ಟುವ ಸ್ಲಾಟ್‌ನಲ್ಲಿ ಆಟಗಾರ ಒಂದು ಪೌಂಡ್ ಪಣವಿಟ್ಟು 30 ಪೆನ್ಸ್ ‘ಗೆದ್ದಾಗ’ ನಾಣ್ಯಗಳು ಚಿಮ್ಮುತ್ತಿದ್ದವು, ಸಂಗೀತ ಏರುತ್ತಿತ್ತು. ವಾಸ್ತವವಾಗಿ ಅವನು 70 ಪೆನ್ಸ್ ಕಳೆದುಕೊಂಡಿದ್ದಾನೆ. ಸೋಲಿಗೆ ಗೆಲುವಿನ ವೇಷ ಹಾಕುವ ಈ ತಂತ್ರವೂ ಬ್ರಿಟನ್ನಿನಲ್ಲಿ ಈಗ ನಿಷಿದ್ಧ. ಪಣಕ್ಕೆ ಸಮನಾದ ಅಥವಾ ಅದಕ್ಕಿಂತ ಕಡಿಮೆ ಮೊತ್ತ ಮರಳಿದಾಗ ಸಂಭ್ರಮದ ಸದ್ದು ಮೊಳಗುವಂತಿಲ್ಲ. ಕೂದಲೆಳೆಯಲ್ಲಿ ತಪ್ಪಿತು ಎಂಬ ಭಾವನೆಯನ್ನು ಕೃತಕವಾಗಿ ಹುಟ್ಟಿಸುವುದು ಇನ್ನೂ ಹಳೆಯ ಚಾಳಿ. ಅಮೆರಿಕದ ನೆವಾಡಾ ರಾಜ್ಯದ ನಿಯಂತ್ರಕರು ಹೀಗೆ ಪ್ರೋಗ್ರಾಮ್ ಮಾಡಿದ ಯಂತ್ರಗಳನ್ನು 1980ರ ದಶಕದ ಕೊನೆಯಲ್ಲೇ ತಡೆದಿದ್ದರು. ಪ್ರತಿಫಲ ಯಾವಾಗ ಬರುತ್ತದೆಂದು ಗೊತ್ತಿಲ್ಲದಿದ್ದಾಗ ವರ್ತನೆ ಬಹಳ ಗಟ್ಟಿಯಾಗಿ ಬೇರೂರುತ್ತದೆ ಎಂದು ಅಮೆರಿಕದ ಮನಃಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದ್ದರು. ಸ್ಲಾಟ್ ಆಟ ತನ್ನ ಸ್ವಭಾವದಿಂದಲೇ ಆ ತತ್ತ್ವದ ಮೇಲೆ ನಿಂತಿದೆ. ಅದರ ಮೇಲೆ ಸುಳ್ಳು ಸಂಭ್ರಮವನ್ನು ಹೇರುವ ಅಗತ್ಯ ಯಾವ ಪ್ರಾಮಾಣಿಕ ವಿನ್ಯಾಸಕನಿಗೂ ಇರಬಾರದು.

ಬೋನಸ್‌ಗಳ ಲೆಕ್ಕವನ್ನು ಆಟಗಾರರಿಗಿಂತ ಮೊದಲು ಡೆವಲಪರ್‌ಗಳೇ ಅರ್ಥಮಾಡಿಕೊಳ್ಳಬೇಕು. ‘50 ಪೌಂಡ್ ಉಚಿತ’ ಎಂಬ ಕೊಡುಗೆಯ ಕೆಳಗೆ, ಹಿಂಪಡೆಯುವ ಮೊದಲು ಆ ಮೊತ್ತವನ್ನು 35 ಪಟ್ಟು ಆಡಬೇಕು ಎಂಬ ಷರತ್ತು ಇರುತ್ತಿತ್ತು. ಅಂದರೆ 1,750 ಪೌಂಡ್ ಪಣ. ಮೇಲೆ ಹೇಳಿದ 4 ಶೇಕಡಾ ಲೆಕ್ಕದಲ್ಲಿ ಸರಾಸರಿ ನಷ್ಟ 70 ಪೌಂಡ್. ಐವತ್ತು ಕೊಟ್ಟು ಎಪ್ಪತ್ತು ಕಿತ್ತುಕೊಳ್ಳುವ ಕೊಡುಗೆಯನ್ನು ಉಚಿತ ಎನ್ನಲಾಗದು. ಗ್ಯಾಂಬ್ಲಿಂಗ್ ಕಮಿಷನ್ ಈಗ ಇದಕ್ಕೆ ಹತ್ತು ಪಟ್ಟಿನ ಮಿತಿ ವಿಧಿಸಿದೆ. ಆಗ ಪಣ 500 ಪೌಂಡ್, ಸರಾಸರಿ ನಷ್ಟ 20 ಪೌಂಡ್, ಆಟಗಾರನ ಕೈಯಲ್ಲಿ ಸರಾಸರಿ 30 ಪೌಂಡ್ ಉಳಿಯುವ ಕೊಡುಗೆಯಾಗುತ್ತದೆ. ಸ್ವೀಡನ್ 2019ರಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ ಇನ್ನೂ ಮುಂದೆ ಹೋಗಿ, ಆಟಗಾರ ಮೊದಲ ಬಾರಿ ಬಂದಾಗ ಮಾತ್ರ ಬೋನಸ್ ಕೊಡಬಹುದು ಎಂದಿತು. ಮರಳಿ ಕರೆಯಲು ಬೋನಸ್ ಬಳಸುವ ಇಡೀ ಪದ್ಧತಿಯೇ ಅಲ್ಲಿ ಇಲ್ಲವಾಯಿತು.

ಫೋನಿಗೆ ಬರುವ ಸೂಚನೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಿಂಪಡೆದ ಹಣ ಬ್ಯಾಂಕ್ ಸೇರಿತು ಎಂಬ ಸೂಚನೆ ಉಪಯುಕ್ತ. ಹಿಂದಿನ ರಾತ್ರಿ ದೊಡ್ಡ ಮೊತ್ತ ಕಳೆದುಕೊಂಡವನಿಗೆ ಬೆಳಿಗ್ಗೆ ಬರುವ ‘ನಿಮ್ಮ ಅದೃಷ್ಟ ಕಾಯುತ್ತಿದೆ’ ಎಂಬ ಸೂಚನೆ ಕ್ರೌರ್ಯ.

ಹಣ ಗೆಲ್ಲಲು ಅವಕಾಶವಿಲ್ಲದ, ಬರೀ ಚಿಪ್‌ಗಳಿಂದ ಆಡುವ ‘ಸೋಷಿಯಲ್ ಕ್ಯಾಸಿನೊ’ಗಳಿಗೆ ಈ ಯಾವ ಮಾತೂ ಅನ್ವಯಿಸುವುದಿಲ್ಲ ಎಂಬ ನಂಬಿಕೆ ನಮ್ಮ ವೃತ್ತಿಯಲ್ಲಿದೆ. ಅದನ್ನು ಒಪ್ಪುವುದು ಕಷ್ಟ. ಅಲ್ಲಿಯೂ ಚಿಪ್ ಮುಗಿದಾಗ ನಿಜವಾದ ಹಣ ಕೊಟ್ಟೇ ಕೊಳ್ಳಬೇಕು. ಬಿಗ್ ಫಿಶ್ ಕ್ಯಾಸಿನೊ ಆಟದ ಕುರಿತ ಮೊಕದ್ದಮೆಯಲ್ಲಿ ಅಮೆರಿಕದ ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2018ರಲ್ಲಿ, ಆಟವನ್ನು ಮುಂದುವರಿಸಲು ಬೇಕಾದ ಆ ಚಿಪ್‌ಗಳಿಗೆ ವಾಷಿಂಗ್ಟನ್ ರಾಜ್ಯದ ಕಾನೂನಿನ ಪ್ರಕಾರ ಮೌಲ್ಯವಿದೆ ಎಂದು ಹೇಳಿತು. ಆ ವ್ಯಾಜ್ಯ ಕೊನೆಗೆ 15.5 ಕೋಟಿ ಡಾಲರ್‌ಗಳ ರಾಜಿಯಲ್ಲಿ ಮುಗಿಯಿತು. ಹಣ ಮರಳಿ ಬರುವ ಸಾಧ್ಯತೆಯೇ ಇಲ್ಲದ ಆಟದಲ್ಲಿ ಜನರನ್ನು ತಿಂಗಳುಗಟ್ಟಲೆ ಉಳಿಸಿಕೊಂಡು ಹಣ ಕೊಡಿಸುವುದು, ಎಚ್ಚರದಿಂದ ನೋಡಬೇಕಾದ ಸಂಗತಿಯೇ ಸರಿ.

ನಮ್ಮ ದೇಶದ ಸ್ಥಿತಿ ಬೇರೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯು, ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವಿಲ್ಲದೆ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ಒದಗಿಸುವುದನ್ನು ಅಪರಾಧವೆಂದು ಪರಿಗಣಿಸಿ, ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಮಾಡಿದೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದಿದ್ದ ಇಂಥದೇ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿದ್ದನ್ನು ಓದುಗರು ನೆನಪಿಸಿಕೊಳ್ಳಬಹುದು. ವಿದೇಶಿ ಮಾರುಕಟ್ಟೆಗಾಗಿ ಈ ಕ್ಷೇತ್ರದಲ್ಲಿ ದುಡಿಯುವ ಕನ್ನಡದ ಎಂಜಿನಿಯರುಗಳು, ತಾವು ಕಟ್ಟಿದ ಆ್ಯಪ್ ಪರವಾನಗಿ ಇರುವ ಪ್ರದೇಶದ ಹೊರಗೆ ತೆರೆಯದಂತೆ ನೋಡಿಕೊಳ್ಳುವ ಸ್ಥಳ ಪರಿಶೀಲನೆಯನ್ನು ಕೊನೆಯ ವಾರಕ್ಕೆ ಮುಂದೂಡದೆ ಮೊದಲ ವಿನ್ಯಾಸದಲ್ಲೇ ಸೇರಿಸಬೇಕು. ಆ್ಯಪಲ್ ಕೂಡ ನಿಜಹಣದ ಜೂಜಿನ ಆ್ಯಪ್‌ಗಳಿಗೆ ಪರವಾನಗಿ ಮತ್ತು ಪ್ರದೇಶದ ನಿರ್ಬಂಧ ಎರಡನ್ನೂ ಕಡ್ಡಾಯಗೊಳಿಸಿದೆ.

ಈಗ ಮತ್ತೆ ಆ ಅಂಕಿಗೆ ಬರುತ್ತೇನೆ. ಮೂವತ್ತನೆಯ ದಿನ ಉಳಿದವರನ್ನು ನಾನು ಮೊದಲು ಅವರ ಠೇವಣಿಯ ನಡಾವಳಿಯ ಪ್ರಕಾರ ವಿಂಗಡಿಸುತ್ತೇನೆ. ವಾರಕ್ಕೊಮ್ಮೆ ಹೆಚ್ಚುಕಡಿಮೆ ಒಂದೇ ಮೊತ್ತ ಹಾಕಿ ಅರ್ಧ ಗಂಟೆ ಆಡಿ ಹೋಗುವವರು ಒಂದು ಕಡೆ. ಸೋತ ಕೂಡಲೇ ಮತ್ತೆ ಹಣ ಹಾಕುವವರು, ದಿನೇದಿನೇ ಮೊತ್ತ ಏರಿಸುವವರು, ರಾತ್ರಿ ಎರಡು ಗಂಟೆಗೆ ಆಡುವವರು, ಹಿಂಪಡೆಯಲು ಹೊರಟು ಮನಸ್ಸು ಬದಲಿಸುವವರು, ಕಾರ್ಡ್ ನಿರಾಕರಣೆಯಾದ ಮೇಲೂ ಪದೇ ಪದೇ ಪ್ರಯತ್ನಿಸುವವರು ಇನ್ನೊಂದು ಕಡೆ. ಜೂಜಿನ ಆದಾಯದಲ್ಲಿ ದೊಡ್ಡ ಪಾಲು ಸಣ್ಣ ಗುಂಪೊಂದರಿಂದ ಬರುವುದರಿಂದ, ಎರಡನೆಯ ಗುಂಪು ಬೆಳೆದಾಗಲೂ ಸರಾಸರಿ ಅಂಕಿ ಚೆನ್ನಾಗಿಯೇ ಕಾಣುತ್ತದೆ, ಆದಾಯವಂತೂ ಇನ್ನೂ ಚೆನ್ನಾಗಿ ಕಾಣುತ್ತದೆ. ಹೊಸ ಸೌಲಭ್ಯವೊಂದನ್ನು ಪರೀಕ್ಷಿಸುವಾಗ ರಿಟೆನ್ಷನ್ ಏರಿತು ಎಂಬ ಫಲಿತಾಂಶ ಬಂದರೆ, ಆ ಏರಿಕೆ ಯಾವ ಗುಂಪಿನಿಂದ ಬಂತು ಎಂದು ತೋರಿಸದ ವರದಿಯನ್ನು ತಂಡ ಒಪ್ಪಲೇಬಾರದು.

ಬಿಟ್ಟುಹೋದವರ ಲೆಕ್ಕದಲ್ಲೂ ಇದೇ ಎಚ್ಚರ ಬೇಕು. ತಾನೇ ಠೇವಣಿ ಮಿತಿ ಹಾಕಿಕೊಂಡು ಆ ತಿಂಗಳು ಮಿತಿ ಮುಟ್ಟಿ ನಿಂತವನು, ಒಂದು ವಾರದ ವಿರಾಮ ತೆಗೆದುಕೊಂಡವನು, ಇವರನ್ನು ‘ಕಳೆದುಹೋದ ಗ್ರಾಹಕರು’ ಎಂಬ ಕಾಲಂನಲ್ಲಿ ಹಾಕಿದರೆ ಮರಳಿ ಕರೆಯುವ ಇಮೇಲ್‌ಗಳು ತಾವಾಗಿಯೇ ಅವರಿಗೆ ಹೋಗುತ್ತವೆ. ಬ್ರಿಟನ್ನಿನ ಎಲ್ಲ ಪರವಾನಗಿದಾರ ಆನ್‌ಲೈನ್ ಸಂಸ್ಥೆಗಳೂ 2020ರ ಮಾರ್ಚ್ 31ರಿಂದ ಗ್ಯಾಮ್‌ಸ್ಟಾಪ್ ಎಂಬ ಸ್ವಯಂ ನಿರ್ಬಂಧದ ವ್ಯವಸ್ಥೆಗೆ ಸೇರಿರಬೇಕು. ಅಲ್ಲಿ ಹೆಸರು ನೋಂದಾಯಿಸಿದವನಿಗೆ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ ಯಾವ ಆ್ಯಪ್‌ನಲ್ಲೂ ಆಡಲು ಬಿಡುವಂತಿಲ್ಲ. ಈ ಪರಿಶೀಲನೆ ಲಾಗಿನ್ ಹಂತದಲ್ಲಿ ನಡೆದರೆ ಸಾಲದು. ಪ್ರಚಾರದ ಸಂದೇಶ ಕಳುಹಿಸುವ ಪಟ್ಟಿ ಸಿದ್ಧವಾಗುವಾಗ ಒಮ್ಮೆ, ಸಂದೇಶ ಹೊರಡುವ ಕ್ಷಣದಲ್ಲಿ ಇನ್ನೊಮ್ಮೆ ನಡೆಯಬೇಕು, ಏಕೆಂದರೆ ಪಟ್ಟಿ ಬೆಳಿಗ್ಗೆ ತಯಾರಾಗಿ ಸಂದೇಶ ಸಂಜೆ ಹೋಗುವ ವ್ಯವಸ್ಥೆಯಲ್ಲಿ ಮಧ್ಯಾಹ್ನ ನೋಂದಾಯಿಸಿಕೊಂಡವನ ಹೆಸರು ಹಳೆಯ ಪಟ್ಟಿಯಲ್ಲಿ ಹಾಗೆಯೇ ಉಳಿದಿರುತ್ತದೆ.