ಬಣ್ಣ ಬಳಿಯುವ ಮೊದಲು ರಂಗಮಂದಿರದ ತಪಾಸಣೆ ಏಕೆ ಬೇಕು?

ಪ್ರಶ್ನೆ: ರವೀಂದ್ರ ಕಲಾಕ್ಷೇತ್ರದಂತಹ ಹಳೆಯ ರಂಗಮಂದಿರಕ್ಕೆ ಬಣ್ಣ ಬಳಿದು, ಕುರ್ಚಿ ಬದಲಿಸಿ, ಎ.ಸಿ. ಹಾಕಿಸಿದರೆ ಸಾಲದೆ? ಇಡೀ ಕಟ್ಟಡವನ್ನು ಪರೀಕ್ಷಿಸುವ ಅಗತ್ಯವೇನು?

ಉತ್ತರ: ಸಾಲದು. ರವೀಂದ್ರನಾಥ ಠಾಗೋರರ ಜನ್ಮಶತಮಾನೋತ್ಸವದ ನೆನಪಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಟ್ಟಿ, 1963ರಲ್ಲಿ ಉದ್ಘಾಟಿಸಿದ ಕಲಾಕ್ಷೇತ್ರಕ್ಕೆ ಅರವತ್ತು ದಾಟಿದೆ. ಈ ವಯಸ್ಸಿನ ಯಾವುದೇ ಕಾಂಕ್ರೀಟ್ ಕಟ್ಟಡದಲ್ಲಿ ಮೊದಲು ನೋಡಬೇಕಾದದ್ದು ಕಂಬ, ತೊಲೆ, ತಾರಸಿಗಳ ಒಳಗಿರುವ ಕಬ್ಬಿಣದ ಸರಳುಗಳನ್ನು. ಕಾಂಕ್ರೀಟಿನ ಕ್ಷಾರಗುಣ ಈ ಸರಳುಗಳನ್ನು ತುಕ್ಕಿನಿಂದ ಕಾಯುತ್ತದೆ. ಆದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿಯುತ್ತ ಹೋದಂತೆ ಆ ಗುಣ ಕುಂದುತ್ತದೆ, ತೇವ ತಗಲಿದಲ್ಲಿ ತುಕ್ಕು ಹಿಡಿಯುತ್ತದೆ, ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟ್ ಒಳಗಿನಿಂದಲೇ ಬಿರುಕು ಬಿಡುತ್ತದೆ. ಎಂಜಿನಿಯರುಗಳು ಹೊಸದಾಗಿ ಒಡೆದ ತುಣುಕಿನ ಮೇಲೆ ಫಿನಾಲ್ಫ್ಥಲೀನ್ ದ್ರಾವಣವನ್ನು ಸಿಂಪಡಿಸುತ್ತಾರೆ. ಗುಲಾಬಿ ಬಣ್ಣಕ್ಕೆ ತಿರುಗಿದ ಭಾಗದಲ್ಲಿ ಕ್ಷಾರ ಉಳಿದಿದೆ ಎಂದರ್ಥ. ಬಣ್ಣ ಬಾರದ ಪದರ ಸರಳಿನವರೆಗೂ ತಲುಪಿದ್ದರೆ ರಕ್ಷಣೆ ಮುಗಿದಿದೆ. ಅದರ ಮೇಲೆ ಬಳಿದ ಬಣ್ಣ ದೋಷವನ್ನು ಮರೆಮಾಡುತ್ತದೆ, ಸರಿಪಡಿಸುವುದಿಲ್ಲ.

ರಂಗಮಂದಿರದಲ್ಲಿ ಗಟ್ಟಿತನದಷ್ಟೇ ಮುಖ್ಯವಾದದ್ದು ಧ್ವನಿ, ಮತ್ತು ನವೀಕರಣದ ಹೆಸರಿನಲ್ಲಿ ಹೆಚ್ಚಾಗಿ ಹಾಳಾಗುವುದೂ ಅದೇ. ಖಾಲಿ ಸಭಾಂಗಣದಲ್ಲಿ ಬಲೂನು ಒಡೆದು, ಆ ಸದ್ದು ಅಡಗಲು ಹಿಡಿಯುವ ಹೊತ್ತನ್ನು ಉಪಕರಣದಿಂದ ಅಳೆಯಬಹುದು. ಮಾತಿನ ನಾಟಕಕ್ಕೆ ಅದು ಸುಮಾರು ಒಂದು ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಅನುಕೂಲ. ದಪ್ಪ ಮೆತ್ತೆಯ ಕುರ್ಚಿಗಳು ಸದ್ದನ್ನು ಹೀರುತ್ತವೆ, ಗಟ್ಟಿ ಹೊದಿಕೆಯ ಹೊಸ ಛಾವಣಿ ಅದನ್ನು ಹಿಂದಕ್ಕೆ ಎಸೆಯುತ್ತದೆ, ಎ.ಸಿ.ಯ ಗುಂಯ್‌ಗುಡುವ ಸದ್ದು ನಟನ ಪಿಸುಮಾತನ್ನು ನುಂಗುತ್ತದೆ. ಮೈಕ್ ಇಲ್ಲದೆ ಕೊನೆಯ ಸಾಲಿಗೂ ಮಾತು ತಲುಪುವ ಸಭಾಂಗಣ ನಮಗಿರುವುದು ಅಪರೂಪ; ಈಗಿನ ಅಳತೆ ದಾಖಲಾಗದೆ ಒಂದು ಕುರ್ಚಿಯನ್ನೂ ಕೀಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ವೈರಿಂಗ್ ಮತ್ತು ಬಾಗಿಲುಗಳ ವಿಷಯದಲ್ಲಿ ರಾಜಿಗೆ ಎಡೆಯೇ ಇಲ್ಲ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಟ್ರಾನ್ಸ್‌ಫಾರ್ಮರ್‌ನಿಂದ ಬೆಂಕಿ ಹತ್ತಿದಾಗ, ಹೊರಹೋಗುವ ದಾರಿಗಳು ಮುಚ್ಚಿದ್ದರಿಂದ ಹೊಗೆಯಲ್ಲಿ ಸಿಲುಕಿ 59 ಜನ ಸತ್ತರು.

ಇಷ್ಟೆಲ್ಲ ತಪಾಸಣೆ ಟೆಂಡರ್ ಕರೆಯುವ ಮೊದಲೇ ಮುಗಿಯಬೇಕು, ಮತ್ತು ಬೆಳಕಿನ ಹಾಗೂ ರಂಗಸಜ್ಜಿಕೆಯ ಕೆಲಸದವರನ್ನು ಅದರಲ್ಲಿ ಸೇರಿಸಿಕೊಳ್ಳಬೇಕು. ಯಾವ ಪೈಪಿಗೆ ಎಷ್ಟು ಲೈಟುಗಳನ್ನು ತೂಗುಹಾಕಲಾಗುತ್ತದೆ, ಜೋರು ಮಳೆಗೆ ಯಾವ ಮೂಲೆ ಸೋರುತ್ತದೆ ಎಂಬ ವಿವರ ಹಳೆಯ ನಕ್ಷೆಗಳಲ್ಲಿ ಸಿಗುವುದಿಲ್ಲ, ಅವರನ್ನೇ ಕೇಳಬೇಕು.